ರಾತ್ರಿ ಹತ್ತುವ ದಮ್ಮು: ಹೃದಯ ವೈಫಲ್ಯದ ರೋಗಿಗೆ ಮನೆಯಲ್ಲಿ ಶುಶ್ರೂಷೆ

ಪ್ರಶ್ನೆ: ನಮ್ಮದು ಚಿತ್ತಾಪುರ ತಾಲ್ಲೂಕಿನ ಹಳ್ಳಿ. ತಂದೆಯವರಿಗೆ 67 ವರ್ಷ. ಕಲಬುರಗಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದ ಪಂಪಿಂಗ್ ಶೇ 30 ಇದೆ, ಇದು ಹಾರ್ಟ್ ಫೇಲ್ಯೂರ್ ಎಂದರು. ಕೆಲವು ದಿನ ದವಾಖಾನೆಯಲ್ಲಿಟ್ಟುಕೊಂಡು ಮನೆಗೆ ಕಳುಹಿಸಿದ್ದಾರೆ. ಹಗಲು ಹೇಗೋ ಇರುತ್ತಾರೆ. ರಾತ್ರಿ ಮಲಗಿದ ಒಂದೆರಡು ತಾಸಿಗೆ ದಮ್ಮು ಹತ್ತಿ ಎದ್ದು ಕೂಡುತ್ತಾರೆ. ಕಾಲು ಬಾತಿರುವುದರಿಂದ ದಿಂಬಿನ ಮೇಲೆ ಕಾಲಿಡಿಸಿ ಮಲಗಿಸುತ್ತೇವೆ. ಆಕ್ಸಿಜನ್ ಮಷಿನ್ ತಂದಿಡಿ ಎಂದು ಬೀಗರು ಹೇಳುತ್ತಾರೆ. ಮನೆಯಲ್ಲಿ ನಾವು ಏನು ಮಾಡಬಹುದು?

ಉತ್ತರ: ಇಂದಿನ ರಾತ್ರಿಯಿಂದಲೇ ಕಾಲ ಕೆಳಗಿನ ದಿಂಬನ್ನು ತೆಗೆದು ಬೆನ್ನ ಹಿಂದೆ ಇಡಿ. ಬಾತ ಕಾಲನ್ನು ಎತ್ತರಿಸಿದರೆ ಬಾವು ಇಳಿಯುತ್ತದೆ ಎಂಬುದು ಸುಳ್ಳಲ್ಲ. ಆದರೆ ಹಾಗೆ ಇಳಿದ ನೀರು ಮೈಯಿಂದ ಹೊರಗೆ ಹೋಗುವುದಿಲ್ಲ, ರಕ್ತನಾಳಗಳಿಗೆ ಮರಳಿ ಎದೆಯ ಕಡೆಗೇ ಬರುತ್ತದೆ. ದುರ್ಬಲಗೊಂಡ ಹೃದಯಕ್ಕೆ ಆ ಹೆಚ್ಚುವರಿ ರಕ್ತವನ್ನು ಮುಂದಕ್ಕೆ ತಳ್ಳುವ ಶಕ್ತಿ ಇರುವುದಿಲ್ಲವಾದ್ದರಿಂದ ಅದು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತರಿಸಿ ನಿಲ್ಲುತ್ತದೆ, ಅಲ್ಲಿಂದ ನೀರಿನಂಶ ಗಾಳಿಗೂಡುಗಳ ಸುತ್ತ ಒಸರುತ್ತದೆ, ಮತ್ತು ಉಸಿರಾಡುವ ಕೆಲಸ ಕಷ್ಟವಾಗುತ್ತದೆ. ಮಲಗಿದ ತಕ್ಷಣವಲ್ಲದೆ ಒಂದೆರಡು ತಾಸಿನ ಮೇಲೆ ದಮ್ಮು ಹತ್ತುವುದಕ್ಕೆ ಕಾರಣವೂ ಇದೇ. ಹಗಲೆಲ್ಲ ಕಾಲುಗಳಿಗೆ ಇಳಿದಿದ್ದ ನೀರು ಚಪ್ಪಟೆಯಾಗಿ ಮಲಗಿದಾಗ ನಿಧಾನವಾಗಿ ರಕ್ತಕ್ಕೆ ಸೇರಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತದೆ. ಕಾಲಿಗೆ ದಿಂಬು ಕೊಟ್ಟು ನೀವು ಅದನ್ನು ಬೇಗನೆ ಆಗುವಂತೆ ಮಾಡುತ್ತಿದ್ದೀರಿ, ಅಷ್ಟೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕಾಲು ಬಾತರೆ ಮೇಲಕ್ಕಿಡಬೇಕೆಂದೇ ಎಲ್ಲರೂ ಹೇಳುತ್ತಾರೆ, ಮತ್ತು ಬೇರೆ ಕಾರಣದ ಬಾವಿಗೆ ಅದು ಸರಿಯೂ ಹೌದು.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು. ಆಸ್ಪತ್ರೆಯಿಂದ ಬಂದ ಮೇಲೂ ರಾತ್ರಿ ಎದ್ದು ಕೂಡುವಂತೆ ಆಗುತ್ತಿದೆಯೆಂದರೆ ಮೈಯಲ್ಲಿ ಇನ್ನೂ ನೀರು ಉಳಿದಿದೆ ಅಥವಾ ಮತ್ತೆ ಸೇರುತ್ತಿದೆ ಎಂದರ್ಥ. ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ, ಒಂದೆರಡು ದಿನದೊಳಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಇದನ್ನು ತಿಳಿಸಿ. ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣವನ್ನು ಬದಲಿಸಬೇಕಾಗಬಹುದು. ನಾನು ಕೆಳಗೆ ಬರೆಯುತ್ತಿರುವ ಶುಶ್ರೂಷೆ ಔಷಧದ ಜೊತೆಗೆ ನಡೆಯಬೇಕಾದದ್ದು, ಔಷಧಕ್ಕೆ ಬದಲಿಯಾಗಿ ಅಲ್ಲ.

ಹಾಸಿಗೆಯ ವಿಷಯಕ್ಕೆ ಬರೋಣ. ನಮ್ಮ ಭಾಗದ ಮನೆಗಳಲ್ಲಿ ಹಿರಿಯರು ನೆಲದ ಮೇಲೆ ಗಾದಿ ಹಾಸಿಕೊಂಡು ಅಥವಾ ಹೊರಸಿನ ಮೇಲೆ ಮಲಗುವುದೇ ಹೆಚ್ಚು. ಈ ಕಾಯಿಲೆಯಲ್ಲಿ ನೆಲದ ಹಾಸಿಗೆಯನ್ನು ಬಿಡಿಸಿ, ಏಕೆಂದರೆ ನೆಲದಿಂದ ಏಳುವುದೇ ಅವರಿಗೆ ಒಂದು ದೊಡ್ಡ ಶ್ರಮ, ಮತ್ತು ದಮ್ಮು ಹತ್ತಿದಾಗ ಕಾಲನ್ನು ಕೆಳಗೆ ಇಳಿಬಿಡಲು ಅಲ್ಲಿ ಜಾಗವೇ ಇರುವುದಿಲ್ಲ. ನಡುವೆ ಜೋಲುವ ಹೊರಸೂ ಬೇಡ. ಅದರಲ್ಲಿ ಸೊಂಟ ಕೆಳಗಿಳಿದು ಹೊಟ್ಟೆ ಎದೆಯನ್ನು ಒತ್ತುತ್ತದೆ. ಗಟ್ಟಿಯಾದ ಮಂಚ ಬೇಕು. ಆಸ್ಪತ್ರೆಯ ಮಂಚದಂತೆ ತಲೆಯ ಭಾಗ ಏಳುವ ವ್ಯವಸ್ಥೆ ಇಲ್ಲದಿದ್ದರೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಲೆಯ ಕಡೆ ಮಂಚದ ಮೇಲೆ ಬೋರಲಾಗಿ ಇಟ್ಟು, ಅದರ ಬೆನ್ನು ಇಳಿಜಾರಾಗಿ ನಿಲ್ಲುವಂತೆ ಹೊಂದಿಸಿ, ಅದು ಸರಿಯದಂತೆ ಮಂಚಕ್ಕೆ ಹಗ್ಗದಿಂದ ಕಟ್ಟಿ, ಮೇಲೆ ಮಡಿಸಿದ ಕೌದಿ ಹಾಗೂ ದಿಂಬುಗಳನ್ನು ಹಾಸಿದರೆ ಸುಮಾರು 45 ಡಿಗ್ರಿಯ ಒರಗು ಸಿಗುತ್ತದೆ. ದಿಂಬುಗಳನ್ನು ಜೋಡಿಸುವಾಗ ಬಹಳ ಮನೆಗಳಲ್ಲಿ ಒಂದು ತಪ್ಪಾಗುತ್ತದೆ: ಎರಡು ಮೂರು ದಿಂಬುಗಳನ್ನು ತಲೆಯ ಕೆಳಗೆ ಮಾತ್ರ ಪೇರಿಸುತ್ತಾರೆ. ಆಗ ಕುತ್ತಿಗೆ ಮುಂದಕ್ಕೆ ಬಾಗಿ, ಎದೆ ಮಾತ್ರ ಹಿಂದಿನಂತೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಇಳಿಜಾರು ಸೊಂಟದಿಂದಲೇ ಆರಂಭವಾಗಬೇಕು. ಎರಡೂ ತೋಳುಗಳ ಕೆಳಗೆ ಒಂದೊಂದು ಸಣ್ಣ ದಿಂಬು ಕೊಟ್ಟರೆ ತೋಳಿನ ಭಾರ ಎದೆಗೂಡಿನ ಮೇಲೆ ಬೀಳುವುದಿಲ್ಲ. ನೋಡಲು ಸಣ್ಣದಾದ ಈ ಏರ್ಪಾಡಿನಿಂದ ರೋಗಿಯ ಭುಜ ಸಡಿಲಗೊಳ್ಳುವುದನ್ನು ನೀವೇ ಕಾಣುವಿರಿ. ಕೆಳಕ್ಕೆ ಜಾರದಂತೆ ತೊಡೆಯ ಕೆಳಗೆ ತೆಳ್ಳಗೆ ಸುತ್ತಿದ ಹೊದಿಕೆಯೊಂದು ಸಾಕು.

ದಮ್ಮು ಹತ್ತಿ ಎಚ್ಚರವಾದ ಗಳಿಗೆಯಲ್ಲಿ ಅವರನ್ನು ಮಂಚದ ಅಂಚಿಗೆ ತಂದು, ಎರಡೂ ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಪಾದ ನೆಲಕ್ಕೆ ಅಥವಾ ಮಣೆಗೆ ತಾಗುವಂತೆ ಕೂರಿಸಿ. ಮುಂದೆ ಒಂದು ಮೇಜು ಅಥವಾ ಎತ್ತರದ ಸ್ಟೂಲ್ ಇಟ್ಟು, ಅದರ ಮೇಲೆ ದಿಂಬಿಟ್ಟು, ಮೊಣಕೈಗಳನ್ನು ಅದಕ್ಕೆ ಊರಿ ಸ್ವಲ್ಪ ಮುಂದಕ್ಕೆ ಒರಗಿಕೊಳ್ಳಲಿ. ಬೆನ್ನು ನೇರವಾಗಿದ್ದು ಕೈಗೆ ಆಸರೆ ಇರಬೇಕು. ಹೊಟ್ಟೆ ಮಡಿಚಿಕೊಳ್ಳುವಷ್ಟು ಬಗ್ಗುವುದು ಬೇರೆ, ಅದರಿಂದ ಉಸಿರು ಇನ್ನೂ ಕಟ್ಟುತ್ತದೆ. ಕೊರಳ ಗುಂಡಿ, ಧೋತರದ ಬಿಗಿ, ಉಡದಾರ ಇವನ್ನು ಸಡಿಲಿಸಿ. ಕಿಟಕಿ ತೆರೆಯಿರಿ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ, ಅದರಲ್ಲೂ ಮೂಗು ಮತ್ತು ಕೆನ್ನೆಗೆ ಬೀಸುವಂತೆ ಮಾಡಿ. ಮುಖದ ಚರ್ಮಕ್ಕೆ ತಂಪು ಗಾಳಿ ತಾಗಿದಾಗ ಅಲ್ಲಿನ ನರದ ಮೂಲಕ ಮಿದುಳಿಗೆ ಹೋಗುವ ಸಂವೇದನೆಯಿಂದ ಉಸಿರುಗಟ್ಟಿದ ಅನುಭವ ಕಡಿಮೆಯಾಗುತ್ತದೆ. ರಕ್ತದ ಆಮ್ಲಜನಕ ಅಷ್ಟೇ ಇದ್ದರೂ ರೋಗಿಗೆ ಹಾಯೆನಿಸುತ್ತದೆ. ಕರೆಂಟು ಹೋದ ರಾತ್ರಿಗೆ ಕೈ ಬೀಸಣಿಗೆಯೋ ಬ್ಯಾಟರಿಯ ಸಣ್ಣ ಫ್ಯಾನೋ ತಲೆಯ ಬಳಿಯೇ ಇರಲಿ. ಮೂಗಿನಿಂದ ಉಸಿರೆಳೆದುಕೊಂಡು, ಸೀಟಿ ಊದುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಲು ಹೇಳಿ. ಬಾಯಲ್ಲಿ ಹೇಳುವುದಕ್ಕಿಂತ ನೀವೇ ಎದುರಿಗೆ ಕುಳಿತು ಹಾಗೆ ಉಸಿರಾಡಿ ತೋರಿಸಿದರೆ ಅವರು ಅನುಸರಿಸುತ್ತಾರೆ. ಪ್ರಶ್ನೆ ಕೇಳುವುದಾದರೆ ತಲೆಯಾಡಿಸಿ ಉತ್ತರಿಸಬಹುದಾದದ್ದನ್ನೇ ಕೇಳಿ. ಓಣಿಯವರೆಲ್ಲ ಮಂಚದ ಸುತ್ತ ಸೇರುವುದನ್ನು ಸೌಜನ್ಯದಿಂದಲೇ ತಡೆಯಬೇಕು. ಗಾಬರಿಯಿಂದ ಉಸಿರು ವೇಗವಾಗುತ್ತದೆ, ನಾಡಿ ಏರುತ್ತದೆ, ಏರಿದ ನಾಡಿ ಹೃದಯಕ್ಕೆ ಇನ್ನಷ್ಟು ಹೊರೆಯಾಗುತ್ತದೆ. ಆ ಹೊತ್ತಿನಲ್ಲಿ ನೀರು, ಚಹಾ, ಕಷಾಯ ಏನನ್ನೂ ಕುಡಿಸಬೇಡಿ. ಮನೆಯಲ್ಲಿ ಅಸ್ತಮಾದವರ ನೆಬ್ಯುಲೈಜರ್ ಇದ್ದರೂ ಕೇಳದೆ ಹಚ್ಚಬೇಡಿ. ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಎದೆಯಲ್ಲಿ ಸುಯ್ ಎಂಬ ಸದ್ದು ಬರುವುದರಿಂದ ಅದು ಅಸ್ತಮಾದಂತೆಯೇ ತೋರುತ್ತದೆ, ಆದರೆ ಆ ಔಷಧ ನಾಡಿಯ ವೇಗವನ್ನು ಹೆಚ್ಚಿಸುತ್ತದೆ.

ಆಕ್ಸಿಜನ್ ಮಷಿನ್ ಕುರಿತು ನನ್ನ ಅಭಿಪ್ರಾಯ ಸ್ಪಷ್ಟವಿದೆ: ವೈದ್ಯರು ಬರೆದುಕೊಡದ ಹೊರತು ಆ ಹಣವನ್ನು ಖರ್ಚು ಮಾಡಬೇಡಿ. ಈ ಕಾಯಿಲೆಯಲ್ಲಿ ದಮ್ಮು ಹತ್ತಿದವರೆಲ್ಲರ ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವುದಿಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್‌ನಲ್ಲಿ ಪ್ರಮಾಣ 90ಕ್ಕಿಂತ ಕೆಳಗಿದ್ದಾಗ ಆಮ್ಲಜನಕ ಬೇಕಾಗುತ್ತದೆ, ಮತ್ತು ಹಾಗೆ ಇಳಿದವರು ಇರಬೇಕಾದ ಜಾಗ ಆಸ್ಪತ್ರೆಯೇ ಹೊರತು ಮನೆಯಲ್ಲ. ಪ್ರಮಾಣ ಸರಿಯಿದ್ದವರಿಗೆ ಹೆಚ್ಚು ಆಮ್ಲಜನಕ ಕೊಡುವುದರಿಂದ ರಕ್ತನಾಳ ಬಿಗಿದುಕೊಂಡು ಹೃದಯಕ್ಕೆ ತೊಂದರೆಯಾಗುವ ಸಂಭವವೂ ಇದೆ. ಅದರ ಬದಲು ಆಕ್ಸಿಮೀಟರ್ ಒಂದನ್ನು ಇಟ್ಟುಕೊಳ್ಳಿ. ಬೆರಳು ತಣ್ಣಗಿದ್ದರೆ, ಅಲುಗಾಡುತ್ತಿದ್ದರೆ ಅಥವಾ ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ತೋರಿಸಬಹುದೆಂಬುದು ನೆನಪಿರಲಿ. ಇನ್ನೂ ಒಳ್ಳೆಯದೆಂದರೆ, ಆ ಹಣದ ಒಂದು ಸಣ್ಣ ಪಾಲಿನಲ್ಲಿ ತೂಕದ ಯಂತ್ರವನ್ನು ತನ್ನಿ.

ತೂಕದ ಯಂತ್ರಕ್ಕೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ರಾತ್ರಿ ಎರಡಕ್ಕೆ ಹತ್ತುವ ದಮ್ಮು ಆ ರಾತ್ರಿ ಹುಟ್ಟಿದ್ದಲ್ಲ. ಹಿಂದಿನ ಹಲವು ದಿನಗಳಿಂದ ಸ್ವಲ್ಪ ಸ್ವಲ್ಪವಾಗಿ ಮೈಯಲ್ಲಿ ಸೇರಿದ ನೀರು ಅಂದು ಮಿತಿ ದಾಟಿರುತ್ತದೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಬಾವು ಕಣ್ಣಿಗೆ ಕಾಣುವುದಕ್ಕಿಂತ ಮೊದಲೇ ಇದು ತೂಕದಲ್ಲಿ ಕಾಣುತ್ತದೆ. ಪ್ರತಿದಿನ ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಚಹಾಕ್ಕಿಂತ ಮುಂಚೆ, ಒಂದೇ ಬಗೆಯ ತೆಳುವಾದ ಬಟ್ಟೆಯಲ್ಲಿ, ಫರಸಿ ಕಲ್ಲಿನ ಸಮತಟ್ಟಾದ ಒಂದೇ ಜಾಗದಲ್ಲಿ ಯಂತ್ರವಿಟ್ಟು ತೂಗಿ, ತಾರೀಖಿನ ಮುಂದೆ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಿದರೆ ಅದು ಊಟದಿಂದ ಬಂದ ತೂಕವಲ್ಲ, ನೀರು. ಅಂದೇ ವೈದ್ಯರಿಗೆ ಫೋನ್ ಮಾಡಬೇಕು. ಕೆಲವರಿಗೆ ವೈದ್ಯರು ಮೊದಲೇ ಹೇಳಿಟ್ಟಿರುತ್ತಾರೆ, ತೂಕ ಇಷ್ಟಾದರೆ ಮೂತ್ರದ ಮಾತ್ರೆ ಇನ್ನೊಂದು ತೆಗೆದುಕೊಳ್ಳಿ ಎಂದು. ಅಂಥ ಸೂಚನೆ ನಿಮಗೂ ಸಿಗುವುದೇ ಎಂದು ಕೇಳಿ, ಬರೆಸಿಕೊಳ್ಳಿ. ಜೊತೆಗೆ ಸಂಜೆ ಹೊತ್ತು ಮೊಣಕಾಲ ಕೆಳಗಿನ ಮುಂಗಾಲಿನ ಎಲುಬಿನ ಮೇಲೆ, ಪಾದದ ಕೀಲಿನಿಂದ ನಾಲ್ಕು ಬೆರಳು ಮೇಲಕ್ಕೆ, ಹೆಬ್ಬೆರಳಿನಿಂದ ಐದಾರು ಸೆಕೆಂಡು ಒತ್ತಿ ಬಿಡಿ. ಗುಳಿ ಬಿದ್ದು ಹಾಗೆಯೇ ಉಳಿದರೆ, ಅದು ದಿನದಿಂದ ದಿನಕ್ಕೆ ಎಷ್ಟು ಮೇಲಿನವರೆಗೆ ಬೀಳುತ್ತಿದೆ ಎಂಬುದನ್ನೂ ಬರೆಯಿರಿ. ಹೆಚ್ಚು ಹೊತ್ತು ಒರಗಿಯೇ ಇರುವವರಲ್ಲಿ ನೀರು ಸೊಂಟದ ಹಿಂಭಾಗಕ್ಕೂ ಇಳಿಯುತ್ತದೆ. ಅಲ್ಲಿಯೂ ಒತ್ತಿ ನೋಡಬೇಕು.

ನೀರು ಸೇರುವುದಕ್ಕೆ ಮುಖ್ಯ ಕಾರಣ ಉಪ್ಪು. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ, ಅಂದರೆ ಸಮ ಮಾಡಿದ ಒಂದು ಟೀ ಚಮಚ, ಮೀರದಿರಲಿ. ನಮ್ಮ ಊಟದಲ್ಲಿ ಒಂದು ಅನುಕೂಲವಿದೆ: ಜೋಳದ ರೊಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ. ತೊಂದರೆ ಇರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಭಜಿ, ಬೇಸಿಗೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇವೆಲ್ಲ ಸೇರಿದರೆ ಒಂದು ಚಮಚದ ಲೆಕ್ಕ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಮನೆಯವರಿಗೆಲ್ಲ ಬೇರೆ ಅಡುಗೆ, ಅವರಿಗೆ ಬೇರೆ ಎಂದರೆ ಬಹಳ ದಿನ ನಡೆಯುವುದಿಲ್ಲ. ತೊಗರಿ ಬೇಳೆ, ಪಲ್ಯ ಬೆಂದ ಮೇಲೆ ಉಪ್ಪು ಹಾಕುವ ಮುಂಚೆ ಅವರ ಪಾಲನ್ನು ತೆಗೆದಿಟ್ಟು, ಅದಕ್ಕೆ ನಿಂಬೆಹುಳಿ, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡುವುದು ಸುಲಭ. ಪುಂಡಿ ಪಲ್ಯಕ್ಕಂತೂ ತನ್ನದೇ ಹುಳಿ ಇದೆ. ಆದರೆ ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ ಕೆಲವು ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುವುದರಿಂದ ಎರಡೂ ಸೇರಿ ನಾಡಿಬಡಿತ ಏರುಪೇರಾಗುವ ಅಪಾಯವಿದೆ.

ಅಡುಗೆಮನೆಯ ಹೊರಗಿನಿಂದಲೂ ಉಪ್ಪು ಬರುತ್ತದೆ, ಮತ್ತು ನಮ್ಮ ಜಿಲ್ಲೆಗಳಲ್ಲಿ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕೆಂದು ನನಗೆ ತೋರುತ್ತದೆ. ಸುಸ್ತಾಗಿದೆ ಎಂದು ಊರಿನಲ್ಲೇ ಒಂದು ಬಾಟಲಿ ಸಲೈನ್ ಹಚ್ಚಿಸುವ ರೂಢಿಯನ್ನು ನೋಡಿ. ಅರ್ಧ ಲೀಟರಿನ ಸಾಮಾನ್ಯ ಸಲೈನ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು ಇರುತ್ತದೆ. ಅಂದರೆ ತಂದೆಯವರ ಒಂದು ದಿನದ ಉಪ್ಪು ಹೆಚ್ಚುಕಡಿಮೆ ಪೂರ್ತಿಯಾಗಿ, ಅರ್ಧ ಲೀಟರ್ ನೀರಿನ ಸಮೇತ, ನೇರವಾಗಿ ರಕ್ತನಾಳಕ್ಕೆ ಹೋಗುತ್ತದೆ. ಹೃದಯ ದುರ್ಬಲವಾಗಿರುವವರಲ್ಲಿ ಸುಸ್ತು ಕಾಯಿಲೆಯ ಲಕ್ಷಣವೇ ಆಗಿರುವಾಗ ಈ ಬಾಟಲಿ ಅಂದೇ ರಾತ್ರಿ ದಮ್ಮು ಹತ್ತಿಸಬಲ್ಲದು. ಮೊಣಕಾಲು ನೋವಿಗೆ ಹಾಕಿಸುವ ಡೈಕ್ಲೋಫೆನಾಕ್ ಇಂಜೆಕ್ಷನ್, ಐಬುಪ್ರೊಫೆನ್ ಮಾತ್ರೆ ಇವು ಮೂತ್ರಪಿಂಡವು ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ಎದೆ ಬಿಗಿದದ್ದನ್ನು ಗ್ಯಾಸ್ ಎಂದು ತಿಳಿದು ನೀರಿನಲ್ಲಿ ನೊರೆಯೆಬ್ಬಿಸಿ ಕುಡಿಯುವ ಪುಡಿಯಲ್ಲಿ ಸೋಡಾ ಇರುತ್ತದೆ, ಅದೂ ಸೋಡಿಯಮ್ಮೇ. ಯಾವ ಔಷಧದ ಅಂಗಡಿಗೆ, ಯಾವ ಡಾಕ್ಟರ ಬಳಿಗೆ ಹೋದರೂ 'ಇವರಿಗೆ ಹಾರ್ಟ್ ಫೇಲ್ಯೂರ್ ಇದೆ' ಎಂಬುದನ್ನು ಮೊದಲ ಮಾತಾಗಿ ಹೇಳಿ.

ಮೂತ್ರದ ಮಾತ್ರೆಯನ್ನು ಬೆಳಿಗ್ಗೆ ಕೊಡಬೇಕು. ಎರಡನೆಯದಿದ್ದರೆ ಮಧ್ಯಾಹ್ನ, ನಾಲ್ಕು ಗಂಟೆಯ ಒಳಗೆ. ಫ್ಯುರೋಸೆಮೈಡ್ ಎಂಬ ಮೂತ್ರದ ಮಾತ್ರೆಯ ಪರಿಣಾಮ ಸುಮಾರು ಆರು ತಾಸು ಇರುವುದರಿಂದ ರಾತ್ರಿ ಕೊಟ್ಟರೆ ನಿದ್ದೆಗೆಡುತ್ತಾರೆ, ಕತ್ತಲಲ್ಲಿ ಎದ್ದು ಬೀಳುವ ಭಯವೂ ಇದೆ. ಕಲಬುರಗಿಗೆ ಬಸ್ಸಿನಲ್ಲಿ ಹೋಗುವ ದಿನ, ಮದುವೆಗೆ ಹೋಗುವ ದಿನ ಇದನ್ನು ಬಿಟ್ಟುಬಿಡುವವರು ಬಹಳ. ಬಿಡಬೇಡಿ, ಊರು ಮುಟ್ಟಿದ ಮೇಲೆ ಕೆಲವು ತಾಸು ತಡವಾಗಿ ಕೊಡಬಹುದೇ ಎಂದು ವೈದ್ಯರಿಂದ ತಿಳಿದುಕೊಳ್ಳಿ. ಉಳಿದ ಮಾತ್ರೆಗಳನ್ನು, ಅದರಲ್ಲೂ ನಾಡಿಯ ವೇಗ ತಗ್ಗಿಸುವ ಮಾತ್ರೆಯನ್ನು, ಆರಾಮಾಯಿತೆಂದು ತಾವಾಗಿ ನಿಲ್ಲಿಸಬಾರದು.

ನೀರು ಎಷ್ಟು ಕುಡಿಯಬೇಕೆಂಬುದು ವೈದ್ಯರು ನಿಗದಿಪಡಿಸಬೇಕಾದ ವಿಷಯ. ಬಾವು, ದಮ್ಮು ಹೆಚ್ಚಿರುವವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಎನ್ನುತ್ತಾರೆ, ಅದರಲ್ಲಿ ಚಹಾ, ಹಾಲು, ಮಜ್ಜಿಗೆ, ಅಂಬಲಿ, ಸಾರು ಎಲ್ಲವೂ ಸೇರಿದವು. ಬೆಳಿಗ್ಗೆ ಅಳತೆಯ ಬಾಟಲಿಯಲ್ಲಿ ಆ ದಿನದ ನೀರನ್ನು ತುಂಬಿಟ್ಟು, ಬೇರೆ ಏನು ಕುಡಿದರೂ ಅಷ್ಟನ್ನು ಬಾಟಲಿಯಿಂದ ಚೆಲ್ಲುತ್ತ ಹೋದರೆ ಲೆಕ್ಕ ತಪ್ಪುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಈ ಲೆಕ್ಕವನ್ನು ಕುರುಡಾಗಿ ಪಾಲಿಸುವುದೂ ಅಪಾಯ. ಬೆವರು ಹೆಚ್ಚಿ, ಮೂತ್ರದ ಮಾತ್ರೆಯೂ ನಡೆಯುತ್ತಿರುವಾಗ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮೂತ್ರ ಬಹಳ ಕಡಿಮೆಯಾಗುವುದು, ತೂಕ ಸತತವಾಗಿ ಇಳಿಯುವುದು, ವಾಂತಿ ಭೇದಿಯಾಗುವುದು ಇವು ಕಂಡರೆ ಮೈ ಒಣಗುತ್ತಿದೆ ಎಂದು ತಿಳಿದು ಅಂದೇ ವೈದ್ಯರನ್ನು ಕೇಳಬೇಕು. ಬಾಯಾರಿಕೆಗೆ ಬಾಯಿ ಮುಕ್ಕಳಿಸಿ ಉಗುಳುವುದು, ಸಣ್ಣ ಮಂಜುಗಡ್ಡೆ ಚೂರು, ಏಲಕ್ಕಿ, ತುಟಿಗೆ ತುಪ್ಪ ಸಾಕಷ್ಟು ಸಮಾಧಾನ ಕೊಡುತ್ತವೆ.

ಹಗಲಿನ ಕೆಲಸಗಳಲ್ಲಿ ಉಸಿರನ್ನು ಉಳಿಸುವುದು ಶುಶ್ರೂಷೆಯ ಇನ್ನೊಂದು ಭಾಗ. ಸ್ನಾನ, ಊಟ, ನಡಿಗೆ ಇವುಗಳ ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಇರಲಿ. ಸ್ನಾನ ಸ್ಟೂಲಿನ ಮೇಲೆ ಕುಳಿತು, ಉಗುರುಬೆಚ್ಚಗಿನ ನೀರಿನಲ್ಲಿ ಆಗಲಿ. ಊಟ ಕುರ್ಚಿಯ ಮೇಲೆ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ. ಹೊಟ್ಟೆ ಬಿರಿಯುವಂತೆ ತುಂಬಿದರೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಮೇಲೆ ಸರಿದು ಉಸಿರಿಗೆ ಜಾಗ ಕಡಿಮೆಯಾಗುತ್ತದೆ. ರಾತ್ರಿಯ ಊಟ ಮಲಗುವುದಕ್ಕಿಂತ ಎರಡು ತಾಸು ಮೊದಲೇ ಮುಗಿಯಲಿ. ನೆಲದಿಂದ ಏನಾದರೂ ಎತ್ತಲು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ ಅರ್ಧ ನಿಮಿಷದೊಳಗೆ ಉಸಿರು ಕಟ್ಟಿದರೆ ಅದನ್ನು ವಯಸ್ಸಿನ ಮೇಲೆ ಹಾಕಬೇಡಿ. ಅದು ಎದೆಯಲ್ಲಿ ಒತ್ತಡ ಹೆಚ್ಚಿರುವ ಲಕ್ಷಣ, ತೂಕ ಬರೆಯುವ ಪುಸ್ತಕದಲ್ಲಿ ಅದನ್ನೂ ಬರೆಯಿರಿ. ಕುಕ್ಕರಗಾಲಲ್ಲಿ ಕೂರುವ ಶೌಚಾಲಯದ ಮೇಲೆ ಕಮೋಡ್ ಕುರ್ಚಿ ಇಡಿ, ತಿಣುಕುವಂತಾಗದ ಹಾಗೆ ಮಲಬದ್ಧತೆಗೆ ಔಷಧ ಕೇಳಿ. ಒಲೆಯ ಹೊಗೆ, ಬೀಡಿ ಇವುಗಳ ಹತ್ತಿರ ಅವರು ಇರಬಾರದು. ಹಾಗೆಂದು ದಿನವಿಡೀ ಮಂಚದಲ್ಲೇ ಇರಿಸುವುದೂ ಸಲ್ಲ. ದಮ್ಮಿಲ್ಲದ ಹೊತ್ತಿನಲ್ಲಿ, ನಡೆಯುತ್ತಲೇ ಮಾತಾಡಲು ಆಗುವಷ್ಟು ವೇಗದಲ್ಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿಸಬೇಕು. ಒರಗಿ ಕೂರುವವರಿಗೆ ಟೊಂಕದ ಕೆಳಗೆ ಮತ್ತು ಹಿಮ್ಮಡಿಗೆ ಒತ್ತುಹುಣ್ಣು ಬೇಗ ಆಗುವುದರಿಂದ ಎರಡು ತಾಸಿಗೊಮ್ಮೆ ಭಾರ ಬದಲಿಸಿ, ಆ ಜಾಗಗಳಲ್ಲಿ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಬಾತ ಕಾಲನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬಾರದು; ಬಿಗಿದ ಚರ್ಮ ಒಡೆದರೆ ಸೋಂಕು ತಗಲುತ್ತದೆ.

ಮನೆಯ ಆರೈಕೆ ಸಾಲದೆಂದು ಯಾವಾಗ ತಿಳಿಯಬೇಕು? ಕಾಲು ಇಳಿಬಿಟ್ಟು ಕೂರಿಸಿದ ಹದಿನೈದು ಇಪ್ಪತ್ತು ನಿಮಿಷದಲ್ಲಿ ಉಸಿರು ತಹಬಂದಿಗೆ ಬರದಿದ್ದರೆ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ಗುಲಾಬಿ ಬಣ್ಣದ ನೊರೆಯಂಥ ಕಫ ಬಂದರೆ, ತುಟಿ ನೀಲಿಗಟ್ಟಿದರೆ, ತಣ್ಣನೆಯ ಬೆವರು, ಎದೆನೋವು, ಮಂಪರು ಕಂಡರೆ, ಆಕ್ಸಿಮೀಟರ್ ಆಮ್ಲಜನಕವನ್ನು 90ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದ ಯಾವ ಲಕ್ಷಣ ಕಂಡರೂ ಹದಿನೈದು ನಿಮಿಷವನ್ನೂ ಕಾಯಬಾರದು. ವಾಹನ ಯಾವುದೇ ಇರಲಿ, ಕೂರಿಸಿಯೇ ಕರೆದೊಯ್ಯಿರಿ, ಸ್ಟ್ರೆಚರಿನ ಮೇಲೂ ಬೆನ್ನು ಎತ್ತರಿಸಲು ಹೇಳಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇರುವುದರಿಂದ ನಿಮ್ಮ ಭಾಗದವರು ನೇರವಾಗಿ ಅಲ್ಲಿಗೇ ಓಡಲು ನೋಡುತ್ತಾರೆ, ಅದು ಸಹಜ. ಆದರೆ ಇಂಥ ಹೊತ್ತಿನಲ್ಲಿ ಮೊದಲು ಬೇಕಾದದ್ದು ಆಮ್ಲಜನಕ, ರಕ್ತನಾಳಕ್ಕೆ ಕೊಡುವ, ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಮತ್ತು ಇ.ಸಿ.ಜಿ.; ಅವು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಿದ್ದರೆ ಅಲ್ಲಿ ಅವನ್ನು ಕೊಡಿಸಿ ಮುಂದೆ ಹೋಗುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ನಾಲಿಗೆ ಕೆಳಗಿಡುವ ಮಾತ್ರೆಯನ್ನು ಪಕ್ಕದ ಮನೆಯವರು ಕೊಟ್ಟರೆಂದು ಇಡಬೇಡಿ, ರಕ್ತದೊತ್ತಡ ಆಗಲೇ ಕಡಿಮೆ ಇದ್ದರೆ ಅದು ಇನ್ನೂ ಕುಸಿಯುತ್ತದೆ.

ಎಲ್ಲ ಔಷಧವೂ ಸರಿಯಾಗಿ ನಡೆದು, ನೀರು ಇಳಿದ ಮೇಲೂ ಕೆಲವರಿಗೆ ಕೂತಲ್ಲೇ ದಮ್ಮು ಉಳಿಯುತ್ತದೆ. ಅಂಥವರಿಗೆ ಬಹಳ ಸಣ್ಣ ಪ್ರಮಾಣದ ಮಾರ್ಫಿನ್ ಉಸಿರುಗಟ್ಟಿದ ಸಂಕಟವನ್ನು ತಗ್ಗಿಸಬಲ್ಲದು. ಅದು ತಜ್ಞ ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧ. ತಂದೆಯವರ ಸ್ಥಿತಿ ನೀವು ಬರೆದದ್ದನ್ನು ನೋಡಿದರೆ ಇನ್ನೂ ಅಲ್ಲಿಗೆ ಬಂದಿಲ್ಲ. ಮುಂದಿನ ಭೇಟಿಗೆ ಹೋಗುವಾಗ ತೂಕದ ಪುಸ್ತಕ, ಎಲ್ಲ ಮಾತ್ರೆಗಳ ಚೀಟಿ ಮಾತ್ರವಲ್ಲದೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ಒಯ್ಯಿರಿ. ರಾತ್ರಿ ಎಷ್ಟು ದಿಂಬು ಬೇಕಾಯಿತು, ಎಷ್ಟು ಸಲ ಎದ್ದರು, ಎಷ್ಟು ಹೆಜ್ಜೆಗೆ ನಿಲ್ಲುತ್ತಾರೆ ಎಂಬ ಮೂರನ್ನೂ ಹೇಳಿ. ರಕ್ತಹೀನತೆ, ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಆಗಬೇಕು, ಫ್ಲೂ ಹಾಗೂ ನ್ಯುಮೋನಿಯಾದ ಲಸಿಕೆ ಹಾಕಿಸಬಹುದೇ ಎಂದು ಕೇಳಿ. ತೂಕ ಎಷ್ಟಕ್ಕೆ ಏರಿದರೆ ಫೋನ್ ಮಾಡಬೇಕು, ಯಾವ ನಂಬರಿಗೆ ಮಾಡಬೇಕು ಎಂಬುದನ್ನು ಆ ಪುಸ್ತಕದ ಮೊದಲ ಹಾಳೆಯಲ್ಲಿ ವೈದ್ಯರ ಕೈಯಲ್ಲೇ ಬರೆಸಿಕೊಂಡು ಬನ್ನಿ.